ನಮ್ಮ ಮಕ್ಕಳು ವಿಜ್ಞಾನವನ್ನು ಏನೆಂದು ತಿಳಿದಿದ್ದಾರೆ?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಮಾತನಾಡಲಿರುವ ವಿಷಯ ಮೇಲುನೋಟಕ್ಕೆ ಶಾಲೆಯ ಮಾಸ್ತರರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ವಿಜ್ಞಾನದ ತಿಳಿವಳಿಕೆ ಎಲ್ಲಿಂದ ಬರುತ್ತದೆ, ಎಷ್ಟರಮಟ್ಟಿಗೆ ಅದನ್ನು ನಂಬಬಹುದು, ಈ ಬಗ್ಗೆ ನಮ್ಮ ವಿದ್ಯಾರ್ಥಿಗಳ ಕಲ್ಪನೆ ಏನು ಎಂಬುದೇ ಆ ವಿಷಯ. ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲು ಹಾಕಿ ಬಂದವರಿಗೆ ಇದರಿಂದ ಆಗಬೇಕಾದ್ದೇನು ಎಂದು ನೀವು ಕೇಳಬಹುದು. ಆಗಬೇಕಾದ್ದು ಬಹಳವಿದೆ. ನಿಮ್ಮ ಎದೆಗೂಡಿನೊಳಗಿನ ಉಸಿರಿಗೂ ಈ ಪ್ರಶ್ನೆಗೂ ಸಂಬಂಧವಿದೆ ಎಂಬುದನ್ನು ಮಾತು ಮುಗಿಯುವುದರೊಳಗಾಗಿ ತೋರಿಸಬೇಕೆಂದಿದ್ದೇವೆ.

ನಿಮ್ಮಲ್ಲಿ ಬಹುಮಂದಿ ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುತ್ತಿದ್ದೀರಿ. ಮಗಳು ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತು ಅಂಕ ತಂದರೆ ಓಣಿಯವರಿಗೆಲ್ಲ ಹೇಳಿಕೊಂಡು ಸಂತೋಷಪಡುತ್ತೀರಿ. ಸಂತೋಷಪಡಬೇಕಾದ್ದೇ. ಆದರೆ ಮನೆಗೆ ಹೋಗಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಲೇರಿಯಾ ಜ್ವರ ಹೇಗೆ ಬರುತ್ತದೆ ಎಂದು ಮಗಳನ್ನು ಕೇಳಿರಿ. ಅನಾಫಿಲೀಸ್ ಜಾತಿಯ ಹೆಣ್ಣು ಸೊಳ್ಳೆ ಕಚ್ಚುವುದರಿಂದ ಎಂದು ತಟ್ಟನೆ ಹೇಳುತ್ತಾಳೆ. ಅದು ಹೇಗೆ ಗೊತ್ತಾಯಿತು ಎಂದು ಕೇಳಿರಿ. ಪುಸ್ತಕದಲ್ಲಿದೆ ಎನ್ನುತ್ತಾಳೆ. ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿರಿ. ಅಲ್ಲಿಗೆ ಮಾತು ನಿಲ್ಲುತ್ತದೆ. ತಪ್ಪು ಮಗುವಿನದಲ್ಲ. ಆ ಮೂರನೆಯ ಪ್ರಶ್ನೆಯನ್ನು ಶಾಲೆಯಲ್ಲಿ ಯಾರೂ ಕೇಳಿಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ.

ಇದು ನಮ್ಮ ಜಿಲ್ಲೆಯ ಸಂಗತಿ ಮಾತ್ರವೆಂದು ತಿಳಿಯಬೇಡಿ. 1957ರಲ್ಲಿ ಮಾರ್ಗರೆಟ್ ಮೀಡ್ ಮತ್ತು ರೋಡಾ ಮೆಟ್ರೊ ಎಂಬ ಇಬ್ಬರು ವಿದುಷಿಯರು ಅಮೆರಿಕದ ಪ್ರೌಢಶಾಲೆಗಳ ಸುಮಾರು 35,000 ವಿದ್ಯಾರ್ಥಿಗಳು ಬರೆದುಕೊಟ್ಟ ಬರೆಹಗಳಿಂದ ಆಯ್ದು ಪರಿಶೀಲಿಸಿದರು. ವಿಜ್ಞಾನಿ ಎಂದರೆ ಬಿಳಿಯ ಕೋಟು ತೊಟ್ಟ, ಕನ್ನಡಕ ಹಾಕಿದ, ಪ್ರಯೋಗಶಾಲೆಯೊಳಗೆ ಒಂಟಿಯಾಗಿ ಕುಳಿತ ವಯಸ್ಸಾದ ಗಂಡಸು ಎಂಬ ಚಿತ್ರವೇ ಹೆಚ್ಚಾಗಿ ಕಂಡಿತು. ಅನಂತರ ಡೇವಿಡ್ ಚೇಂಬರ್ಸ್ ಎಂಬವರು 4,807 ಮಕ್ಕಳ ಕೈಯಲ್ಲಿ ವಿಜ್ಞಾನಿಯ ಚಿತ್ರ ಬರೆಯಿಸಿ, ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಅಷ್ಟು ಚಿತ್ರಗಳಲ್ಲಿ ಹೆಂಗಸನ್ನು ವಿಜ್ಞಾನಿಯಾಗಿ ತೋರಿಸಿದವು ಕೇವಲ 28. ಆ 28ನ್ನೂ ಬರೆದವರು ಹುಡುಗಿಯರೇ. ಮುಂದಿನ ದಶಕಗಳಲ್ಲಿ ಅಮೆರಿಕದಲ್ಲಿ ಈ ಸ್ಥಿತಿ ಒಂದಿಷ್ಟು ಸುಧಾರಿಸಿತೆಂದು 2018ರಲ್ಲಿ ಬಂದ ಒಂದು ಪರಿಶೀಲನೆ ತೋರಿಸಿತು. ಆದರೂ ಪ್ರಶ್ನೆ ಉಳಿಯಿತು. ವಿಜ್ಞಾನ ಬೇರೆ ಯಾರಿಗೋ ಸೇರಿದ್ದು, ನಮ್ಮ ಮನೆಯವರಿಗೆ ಸೇರಿದ್ದಲ್ಲ ಎಂದು ಮಗು ಮೊದಲೇ ತೀರ್ಮಾನ ಮಾಡಿಬಿಟ್ಟರೆ, ಅದು ಮುಂದೆ ಕಲಿಯುವುದೇನು?

ಈ ವಿಷಯವನ್ನು ಹಲವು ದೇಶಗಳಲ್ಲಿ ಅಭ್ಯಾಸ ಮಾಡಿದವರು ಮತ್ತೆ ಮತ್ತೆ ಕಂಡ ತಪ್ಪು ಕಲ್ಪನೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ವಿಜ್ಞಾನವೆಂದರೆ ತೀರ್ಮಾನವಾಗಿ ಹೋದ ಸಂಗತಿಗಳ ಪಟ್ಟಿ ಎಂಬುದು. ಪ್ರಶ್ನೆಗಳೆಲ್ಲ ಮುಗಿದಿವೆ, ಉತ್ತರಗಳನ್ನು ಬಾಯಿಪಾಠ ಮಾಡುವುದಷ್ಟೇ ಉಳಿದಿದೆ ಎಂದು ಮಗು ತಿಳಿಯುತ್ತದೆ.

ಎರಡನೆಯದು, ಪ್ರಯೋಗವೆಂದರೆ ಮೊದಲೇ ಗೊತ್ತಿರುವ ಉತ್ತರವನ್ನು ತಂದುಕೊಡುವ ಕೆಲಸ ಎಂಬುದು. ಲೋಲಕ ತೂಗಿಸಿ ಲೆಕ್ಕ ಹಾಕಿದ ಹುಡುಗನಿಗೆ 9.3 ಬಂದರೆ, ಪುಸ್ತಕದಲ್ಲಿ 9.8 ಇದೆಯೆಂದು ತನ್ನ ಅಂಕಿಯನ್ನು ಒರಸಿ ಪಕ್ಕದವನದನ್ನು ನಕಲು ಮಾಡುತ್ತಾನೆ. ತನಗೆ ಬೇರೆ ಏಕೆ ಬಂತು, ದಾರದ ಅಳತೆ ತಪ್ಪಿತೋ ಗಡಿಯಾರ ತಪ್ಪಿತೋ ಎಂದು ಹುಡುಕುವುದಿಲ್ಲ. ವಿಜ್ಞಾನ ಆರಂಭವಾಗಬೇಕಾದ ಕಡೆಯಲ್ಲೇ ಮುಗಿದುಹೋಯಿತು.

ಮೂರನೆಯದು, ಸಿದ್ಧಾಂತವೆಂದರೆ ಬರಿಯ ಊಹೆ ಎಂಬುದು. ಪೇಟೆಯ ಮಾತಿನಲ್ಲೂ ನಾವು ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ ಎನ್ನುತ್ತೇವಷ್ಟೆ. ಊಹೆ ಬಲಿತರೆ ಸಿದ್ಧಾಂತ, ಸಿದ್ಧಾಂತ ಬಲಿತರೆ ನಿಯಮ ಎಂದು ಮಕ್ಕಳು ಮೆಟ್ಟಿಲು ಕಟ್ಟಿಕೊಳ್ಳುತ್ತಾರೆ. ಹಾಗಲ್ಲ. ಗಾಳಿಯನ್ನು ಒತ್ತಿದಷ್ಟೂ ಅದರ ಗಾತ್ರ ಕುಗ್ಗುತ್ತದೆ, ಇಷ್ಟು ಒತ್ತಿದರೆ ಇಷ್ಟು ಎಂದು ಲೆಕ್ಕ ಹೇಳುವುದು ನಿಯಮ. ಗಾಳಿಯು ಸದಾ ಓಡಾಡುವ ಕಣ್ಣಿಗೆ ಕಾಣದ ಕಣಗಳಿಂದಾಗಿದೆ, ಆದುದರಿಂದ ಹೀಗಾಗುತ್ತದೆ ಎಂದು ಕಾರಣ ತಿಳಿಸುವುದು ಸಿದ್ಧಾಂತ. ಎರಡರ ಕೆಲಸ ಬೇರೆ ಬೇರೆ. ಒಂದು ಮೇಲು, ಒಂದು ಕೀಳು ಎಂಬುದಿಲ್ಲ.

ಈಗ ಮಲೇರಿಯಾದ ಪ್ರಶ್ನೆಗೆ ಬರೋಣ. ಆ ಜ್ವರದ ಹೆಸರಿನಲ್ಲೇ ಹಳೆಯ ನಂಬಿಕೆಯೊಂದು ಅಡಗಿದೆ. ಇಟಲಿಯ ಮಾತಿನಲ್ಲಿ ಮಾಲ್ ಆರಿಯಾ ಎಂದರೆ ಕೆಟ್ಟ ಗಾಳಿ. ಜೌಗು ನೆಲದ ಬಳಿ ಇರುವವರಿಗೆ ಈ ಜ್ವರ ಹೆಚ್ಚು ಎಂಬುದನ್ನು ಜನ ನೂರಾರು ವರ್ಷಗಳಿಂದ ಕಂಡಿದ್ದರು. ಅವರು ಕಂಡದ್ದು ನಿಜ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಕಂಡದ್ದು ಬೇರೆ, ಕಂಡದ್ದರಿಂದ ತೆಗೆದ ತೀರ್ಮಾನ ಬೇರೆ ಎಂಬ ಈ ಒಂದು ಭೇದವನ್ನು ಕಲಿತ ಮಗು ಅರ್ಧ ವಿಜ್ಞಾನವನ್ನು ಕಲಿತಂತೆ.

1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ವೈದ್ಯರು ಆಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಜ್ವರದ ಜೀವಿಯನ್ನು ಕಂಡರು. ನಮ್ಮ ದೇಶದಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಮೊದಲು ಇದನ್ನು ನಂಬಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಒಪ್ಪಿದರು. ಕಣ್ಣಾರೆ ಕಂಡ ಮೇಲೆ ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಟ್ಟರೆಂಬುದನ್ನು ಗಮನಿಸಿರಿ. ಸೊಳ್ಳೆಗೂ ಈ ಜ್ವರಕ್ಕೂ ಸಂಬಂಧವಿರಬೇಕೆಂದು ಊಹಿಸಿದವರು ಮ್ಯಾನ್ಸನ್. ಆದರೆ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ತಿಳಿದಿದ್ದರು. ರಾಸ್ ಅದನ್ನೂ ಪರೀಕ್ಷಿಸಿದರು. ಅಂಥ ನೀರನ್ನು ಮನುಷ್ಯರಿಗೆ ಕುಡಿಸಿಯೇ ನೋಡಿದರು. ಊಹೆ ನಿಲ್ಲಲಿಲ್ಲ. ಹೀಗೆ ಬಡವರ ಮೈಯನ್ನು ಪ್ರಯೋಗಕ್ಕೆ ಒಡ್ಡಿದ್ದು ಇಂದಿನ ನ್ಯಾಯಕ್ಕೆ ಒಪ್ಪುವಂಥದಲ್ಲ ಎಂಬುದನ್ನೂ ಹೇಳಿಬಿಡಬೇಕು.

1895ರಿಂದ ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಗಳನ್ನು ಸೀಳಿ ಸೀಳಿ ನೋಡಿದರು. ಸುಮಾರು ಎರಡು ವರ್ಷ ಏನೂ ಸಿಗಲಿಲ್ಲ, ಏಕೆಂದರೆ ಅವರು ನೋಡುತ್ತಿದ್ದ ಜಾತಿಯೇ ಬೇರೆ. 1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಯುಳ್ಳ ಹೊಸ ಜಾತಿಯ ಸೊಳ್ಳೆಗಳು ದೊರಕಿದವು. ಹುಸೇನ್ ಖಾನ್ ಎಂಬ ಜ್ವರದ ರೋಗಿ, ಸೊಳ್ಳೆಗೊಂದು ಆಣೆಯಂತೆ ಹಣ ಪಡೆದು ಅವುಗಳಿಂದ ಕಚ್ಚಿಸಿಕೊಂಡನು. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್ ಜ್ವರದ ಜೀವಿಯನ್ನು ಕಂಡರು. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಆ ಜೀವಿ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು ಕಚ್ಚುವಾಗ ಮೈಗೆ ಸೇರುವುದನ್ನು ತೋರಿಸಿದರು. ಅಲ್ಲಿ ಅವರಿಗೆ ನೆರವಾದವನು ಮಹಮ್ಮದ್ ಬಕ್ಷ್ ಎಂಬ ಸಹಾಯಕ. ಅದೇ 1898ರಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾ ಅನಾಫಿಲೀಸ್ ಸೊಳ್ಳೆಯಿಂದಲೇ ಹರಡುತ್ತದೆಂದು ರುಜುವಾತು ಪಡಿಸಿದರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ರಾಸ್ ಒಬ್ಬರಿಗೆ.

ಬಂಧುಗಳೇ, ಪುಸ್ತಕದ ಆ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ. ತಪ್ಪಾದ ಊಹೆ, ಎರಡು ವರ್ಷದ ನಿಷ್ಫಲ ದುಡಿಮೆ, ನಾಲ್ಕಾರು ದೇಶದವರ ಕೈ, ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಒರೆಗೆ ಹಚ್ಚಿದ್ದು, ಆಣೆ ಲೆಕ್ಕದಲ್ಲಿ ಮೈ ಕೊಟ್ಟ ಬಡವನೊಬ್ಬನ ಪಾಲು. ಸಾಲನ್ನು ಮಾತ್ರ ಕೊಟ್ಟು ಕತೆಯನ್ನು ಮುಚ್ಚಿಟ್ಟರೆ ಮಗುವಿಗೆ ಸಿಕ್ಕಿದ್ದು ವಿಜ್ಞಾನವಲ್ಲ, ಮತ್ತೊಂದು ಶ್ಲೋಕ.

ಕತೆ ಅಲ್ಲಿಗೂ ಮುಗಿಯಲಿಲ್ಲ. ಸ್ವತಂತ್ರ ಭಾರತವು 1953ರಲ್ಲಿ ಮಲೇರಿಯಾ ಹತೋಟಿಗೆ, 1958ರಲ್ಲಿ ನಿರ್ಮೂಲನಕ್ಕೆ ಯೋಜನೆ ಹಾಕಿ ಮನೆಮನೆಗೆ ಡಿಡಿಟಿ ಸಿಂಪಡಿಸಿತು. 1960ರ ದಶಕದ ನಡುವೆ ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳಿಗೆ ಇಳಿದಿದ್ದ ಜ್ವರ, 1976ರಲ್ಲಿ 64 ಲಕ್ಷಕ್ಕೆ ಏರಿತು. ಡಿಡಿಟಿಯನ್ನು ಸಹಿಸಿ ಬದುಕುವ ಸೊಳ್ಳೆಗಳು ಹೆಚ್ಚಿದವು, ಕೆಲಸದಲ್ಲಿ ಸಡಿಲವೂ ಬಂತು. ಸೊಳ್ಳೆಯಿಂದ ಜ್ವರ ಎಂಬ ತಿಳಿವು ಸುಳ್ಳಾಯಿತೇ? ಇಲ್ಲ. ಅದನ್ನು ಬಳಸುವ ಉಪಾಯವನ್ನು ತಿದ್ದಬೇಕಾಯಿತು.

ಇದನ್ನು ವ್ಯಾಪಾರಸ್ಥ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಕಿರ್ದಿ ಪುಸ್ತಕ ತೆಗೆದು ಗಲ್ಲಾಪೆಟ್ಟಿಗೆಯ ಹಣಕ್ಕೆ ತಾಳೆ ನೋಡುತ್ತೀರಿ. ಐವತ್ತು ರೂಪಾಯಿ ವ್ಯತ್ಯಾಸ ಬಂದರೆ ಏನು ಮಾಡುತ್ತೀರಿ? ಪುಸ್ತಕದಲ್ಲಿ ಬರೆದದ್ದೇ ಸರಿ ಎಂದು ಕಣ್ಣು ಮುಚ್ಚಿ ಕೂರುವುದಿಲ್ಲ. ಲೆಕ್ಕವೆಂಬುದೇ ಸುಳ್ಳು ಎಂದು ಪುಸ್ತಕವನ್ನು ಒಲೆಗೂ ಹಾಕುವುದಿಲ್ಲ. ಒಂದೊಂದೇ ಕಲಮು ನೋಡುತ್ತಾ ತಪ್ಪು ಎಲ್ಲಿ ಸೇರಿತೆಂದು ಹುಡುಕಿ ತಿದ್ದುತ್ತೀರಿ. ತಿದ್ದಿದ ಲೆಕ್ಕ ಮೊದಲಿನದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ವಿಜ್ಞಾನದ ತಿಳಿವಳಿಕೆಯೂ ಇಂಥದೇ ಪುಸ್ತಕ. ವ್ಯತ್ಯಾಸವೇನೆಂದರೆ, ಅದನ್ನು ತಾಳೆ ನೋಡುವ ಹಕ್ಕು ಮಾಲೀಕನೊಬ್ಬನಿಗಲ್ಲ, ಜಗತ್ತಿನ ಎಲ್ಲರಿಗೂ ಇದೆ.

ಇನ್ನು ಗಿರಣಿಯ ಬಂಧುಗಳ ಕಡೆಗೆ ತಿರುಗುತ್ತೇವೆ. ಹತ್ತಿ ಬಿಡಿಸುವ, ಹಿಂಜುವ ಖಾತೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬರುವ ಒಂದು ಎದೆಬಿಗಿತವಿದೆ. ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನವೇ ಅದು ಹೆಚ್ಚು. ಮರುದಿನ ಸ್ವಲ್ಪ ಹಗುರ. ಭಾನುವಾರ ರಜೆಯಿರುವ ಇಂಗ್ಲೆಂಡಿನ ಗಿರಣಿಗಳಲ್ಲಿ ಅದು ಸೋಮವಾರ ಕಾಣಿಸಿಕೊಳ್ಳುತ್ತಿತ್ತು. ವರ್ಷಗಳು ಕಳೆದಂತೆ ಅದು ವಾರದ ಎಲ್ಲ ದಿನಕ್ಕೂ ಹರಡಿ, ಕೊನೆಗೆ ರಜೆಯಲ್ಲೂ ಬಿಡದೆ ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಇದಕ್ಕೆ ಬಿಸ್ಸಿನೋಸಿಸ್ ಎಂದು ಹೆಸರು.

ನೂಲಿನ ಧೂಳಿನಿಂದ ಉಸಿರು ಕೆಡುತ್ತದೆಂದು ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ನಾರು, ಸೆಣಬು ಹದಮಾಡುವವರನ್ನು ನೋಡಿ ಬರೆದಿದ್ದರು. 1831ರಲ್ಲಿ ಇಂಗ್ಲೆಂಡಿನ ಜೇಮ್ಸ್ ಕೇ ಎಂಬ ವೈದ್ಯರು ಹತ್ತಿ ಗಿರಣಿಯವರ ಎದೆರೋಗವನ್ನು ವರ್ಣಿಸಿದರು. ಆದರೂ ಒಂದು ಶತಮಾನಕ್ಕೂ ಮೇಲ್ಪಟ್ಟು ವಾದ ನಡೆಯಿತು. ಕಾರ್ಮಿಕ ಕೆಮ್ಮುವುದು ತಂಬಾಕಿನಿಂದ ಎಂದರು, ಊರಿನ ಹೊಗೆಯಿಂದ ಎಂದರು, ಮೈಗಳ್ಳತನ ಎಂದರು.

1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಲ್ಯಾಂಕಶೈರಿನ ಗಿರಣಿಗಳಲ್ಲಿ ಕಾರ್ಮಿಕರನ್ನೇ ಕ್ರಮವಾಗಿ ವಿಚಾರಿಸಿದರು. ನಿಮಗೆ ಎದೆ ಬಿಗಿಯುತ್ತದೆಯೇ, ಯಾವ ದಿನ, ಸೋಮವಾರ ಮಾತ್ರವೋ ಉಳಿದ ದಿನವೂ ಉಂಟೋ? ಇದರ ಮೇಲೆಯೇ ರೋಗದ ಹಂತಗಳನ್ನು ಗೊತ್ತು ಮಾಡಿದರು. ಪಾಳಿಗೆ ಮೊದಲು ಮತ್ತು ಪಾಳಿಯ ನಂತರ ಉಸಿರಿನ ಬಲವನ್ನು ಯಂತ್ರದಿಂದ ಅಳೆದು ನೋಡಿದ್ದೂ ಉಂಟು. ಇಲ್ಲಿನ ತರ್ಕ ಎಷ್ಟು ಸರಳ ನೋಡಿರಿ. ಬಿಗಿತಕ್ಕೆ ತಂಬಾಕೊಂದೇ ಕಾರಣವಾಗಿದ್ದರೆ ಅದು ಸೋಮವಾರವನ್ನೇ ಏಕೆ ಆರಿಸಿಕೊಳ್ಳಬೇಕು? ಸೇದುವವನು ಭಾನುವಾರವೂ ಸೇದುತ್ತಾನೆ. ತಂಬಾಕು ಈ ರೋಗವನ್ನು ಕೆಡಿಸುತ್ತದೆ ಎಂಬುದು ನಿಜ. ಆದರೆ ಸೋಮವಾರದ ಗುಟ್ಟನ್ನು ಅದು ಬಿಡಿಸಲಾರದು. ಕಾರ್ಮಿಕನಿಗೆ ಮೊದಲಿನಿಂದ ಗೊತ್ತಿದ್ದ ಸಂಗತಿಯನ್ನು ಕೇಳಿ, ಎಣಿಸಿ, ಅಳೆದು, ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಿದಾಗ ಅದು ವಿಜ್ಞಾನವಾಯಿತು.

ಧೂಳಿನೊಳಗಿನ ಯಾವ ಅಂಶ ಈ ಕೇಡು ಮಾಡುತ್ತದೆ? ಹತ್ತಿಗೆ ಅಂಟಿಬರುವ ಬ್ಯಾಕ್ಟೀರಿಯಾಗಳ ವಿಷದ ಮೇಲೆ ಸಂಶೋಧಕರ ಸಂಶಯ ಹೆಚ್ಚು. ವಿವರಗಳ ಶೋಧ ಇನ್ನೂ ಮುಗಿದಿಲ್ಲ. ಇಲ್ಲಿಯೇ ನಮ್ಮ ಇಂದಿನ ವಿಷಯದ ತಿರುಳಿದೆ. ವಿಜ್ಞಾನವೆಂದರೆ ಸಂಪೂರ್ಣವಾಗಿ ತೀರ್ಮಾನವಾದದ್ದು ಎಂದು ಶಾಲೆಯಲ್ಲಿ ಕಲಿತು ಬಂದವನಿಗೆ, ಇನ್ನೂ ಪೂರ್ತಿ ರುಜುವಾತಾಗಿಲ್ಲ, ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ ಎಂದು ಯಾರಾದರೂ ಹೇಳಿದರೆ ಸಾಕು, ಅವನು ತಲೆಯಾಡಿಸಿ ಸುಮ್ಮನಾಗುತ್ತಾನೆ. ಅಮೆರಿಕದಲ್ಲಿ ಹಾಗೆಯೇ ನಡೆಯಿತು. ನಮ್ಮ ಗಿರಣಿಗಳಲ್ಲಿ ಈ ರೋಗವಿಲ್ಲ ಎಂದು ಅಲ್ಲಿನ ಗಿರಣಿ ಉದ್ಯಮ ಬಹುಕಾಲ ಹೇಳಿಕೊಂಡು ಬಂತು. ಕೆರೊಲಿನಾ ಪ್ರಾಂತಗಳ ರೋಗಿ ಕಾರ್ಮಿಕರು 1975ರಲ್ಲಿ ತಮ್ಮದೇ ಸಂಘ ಕಟ್ಟಿದರು. 1978ರಲ್ಲಿ ಸರಕಾರ ಹತ್ತಿಯ ಧೂಳಿಗೆ ಮಿತಿ ಗೊತ್ತು ಮಾಡಿತು. ಉದ್ಯಮದವರು ಅದನ್ನು ಪ್ರಶ್ನಿಸಿದಾಗ 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎಲ್ಲ ಗುಟ್ಟೂ ಬಯಲಾಗುವವರೆಗೆ ಕಾದಿದ್ದರೆ ಇನ್ನಷ್ಟು ಜನರ ಉಸಿರು ಹೋಗುತ್ತಿತ್ತು. ನಮ್ಮ ದೇಶದ ಪರಿಹಾರ ಕಾಯಿದೆಯ ಪಟ್ಟಿಯಲ್ಲೂ ಹತ್ತಿ ಧೂಳಿನ ಈ ರೋಗ ಸೇರಿದೆ. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಆದುದರಿಂದ ಮಕ್ಕಳಿಗೆ ಕಲಿಸಬೇಕಾದ ಮಾತು ಇದು: ವಿಜ್ಞಾನದ ತಿಳಿವು ತಿದ್ದುಪಡಿಗೆ ತೆರೆದಿದೆ, ಆದರೂ ಪುರಾವೆಯಿಂದ ಗಟ್ಟಿಯಾದ ತಿಳಿವಿನ ಮೇಲೆ ಕಾಲೂರಿ ನಡೆಯಬಹುದು, ನಡೆಯಲೇಬೇಕು.

ಇದಕ್ಕೆ ಎದುರಾದ ಇನ್ನೊಂದು ತಪ್ಪೂ ಇದೆ. ನಿನ್ನೆ ಒಂದು ಹೇಳುತ್ತಾರೆ, ಇಂದು ಇನ್ನೊಂದು ಹೇಳುತ್ತಾರೆ, ಹಾಗಾದರೆ ವಿಜ್ಞಾನಿಯ ಮಾತೂ ಒಂದು ಅಭಿಪ್ರಾಯ, ಬೂದಿ ಕೊಡುವ ಬಾಬಾನ ಮಾತೂ ಒಂದು ಅಭಿಪ್ರಾಯ ಎಂಬ ವಾದ. 1930ರಲ್ಲಿ ಕಂಡುಹಿಡಿದ ಪ್ಲೂಟೋವನ್ನು ಗ್ರಹವೆಂದರು, 2006ರಲ್ಲಿ ಪ್ರಾಗ್ ನಗರದ ಸಭೆಯಲ್ಲಿ ಕುಬ್ಜ ಗ್ರಹವೆಂದರು, ಇವರನ್ನು ನಂಬುವುದು ಹೇಗೆ ಎನ್ನುತ್ತಾರೆ. ಪ್ಲೂಟೋ ಎಲ್ಲಿಗೂ ಹೋಗಲಿಲ್ಲ. ಅದರಂಥ ಕಾಯಗಳು ಆ ದೂರದಲ್ಲಿ ಇನ್ನೂ ಅನೇಕ ಕಂಡುದರಿಂದ ಗ್ರಹವೆಂಬ ಹೆಸರಿನ ಅರ್ಥವನ್ನು ಬಿಗಿ ಮಾಡಬೇಕಾಯಿತು. ಬದಲಾವಣೆಗೆ ಕಾರಣ ಹೊಸ ಪುರಾವೆ. ಆ ಕಾರಣವನ್ನು ಎಲ್ಲರ ಮುಂದೆ ಇಟ್ಟು ಚರ್ಚಿಸಿದರು. ಬಾಬಾನ ಮಾತು ಎಂದೂ ಬದಲಾಗುವುದಿಲ್ಲ, ಏಕೆಂದರೆ ಅದನ್ನು ಪರೀಕ್ಷೆಗೆ ಒಡ್ಡಲು ಅವನು ಒಪ್ಪುವುದೇ ಇಲ್ಲ. ನಮ್ಮ ರಾಜ್ಯದಲ್ಲೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದ್ದರು. ಪರೀಕ್ಷಿಸಿ ನೋಡೋಣ ಎಂಬ ಆ ಒಂದು ಮಾತಿಗೆ ಎಷ್ಟು ಗದ್ದಲವಾಯಿತೆಂಬುದು ಹಿರಿಯರಿಗೆ ನೆನಪಿರಬಹುದು.

ಹಾಗಾದರೆ ಶಾಲೆಯಲ್ಲಿ ಬೇರೆ ರೀತಿ ಕಲಿಸುವುದು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟವರಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯತ್ನ ಆರಂಭವಾಯಿತು. ಹಳ್ಳಿಯ ಸಾಧಾರಣ ಸರಕಾರಿ ಶಾಲೆಗಳು, ದೊಡ್ಡ ಪ್ರಯೋಗಶಾಲೆಯಿಲ್ಲ. ಮಕ್ಕಳು ಗುಂಪಾಗಿ ಕುಳಿತು ಅಗ್ಗದ ಸಾಮಾನುಗಳಿಂದ ಪ್ರಯೋಗ ಮಾಡಿದರು, ಹೊಲಕ್ಕೆ ಹೋಗಿ ಎಲೆ, ಹುಳು, ಮಣ್ಣು ನೋಡಿದರು, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆದರು. ಉತ್ತರ ಪುಸ್ತಕದಲ್ಲಿ ಸಿದ್ಧವಾಗಿರಲಿಲ್ಲ; ಅದನ್ನು ಮಕ್ಕಳೇ ಚರ್ಚಿಸಿ ಕಂಡುಕೊಳ್ಳಬೇಕಾಗಿತ್ತು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಾಗಿತ್ತು, ಏಕೆಂದರೆ ಕೇಳುತ್ತಿದ್ದುದು ನೆನಪಿನ ಪ್ರಶ್ನೆಯನ್ನಲ್ಲ. 1978ರಲ್ಲಿ ಅದು ಇಡೀ ಜಿಲ್ಲೆಗೆ, ಅನಂತರ ಬೇರೆ ಜಿಲ್ಲೆಗಳಿಗೂ ಹರಡಿತು. 2002ರಲ್ಲಿ ರಾಜ್ಯ ಸರಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸವನ್ನು ಆಗದ ಕೆಲಸವೆಂದು ಯಾರೂ ಹೇಳಲಾರರು.

ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ, ಸುಧಾರಿಸುವ ಬುದ್ಧಿಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಬರೆದಿದೆ. ಆದರೆ 2023ರಲ್ಲಿ ಕೇಂದ್ರದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ಕೈಬಿಡಲಾಯಿತು. ಹೊರೆ ಇಳಿಸುವುದಕ್ಕೆ ಎಂದರು. ಮುಂದೆ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆಯೆಂದರು. ಹತ್ತಕ್ಕೆ ಓದು ನಿಲ್ಲಿಸಿ ದುಡಿಮೆಗೆ ಬರುವ ಮಗುವಿನ ಹೊರೆ ಇದರಿಂದ ಇಳಿಯಿತೋ, ಅದರ ಪಾಲು ಇಳಿಯಿತೋ ನೀವೇ ಹೇಳಿರಿ.

ಕೊನೆಯದಾಗಿ, ನಾವು ಮಾಡಬಹುದಾದ್ದೇನು? ಸಮೀಕರಣ ಬಾರದಿದ್ದರೂ ಪಾಲಕರು ಮಾಡಬಹುದಾದ ಕೆಲಸ ಉಂಟು. ಎಷ್ಟು ಅಂಕ ಬಂತು ಎಂದು ಕೇಳುವಾಗ, ಇದು ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯನ್ನೂ ಕೇಳೋಣ. ನೀನು ಕಂಡದ್ದೇನು, ಊಹಿಸಿದ್ದೇನು ಎಂದು ಬೇರ್ಪಡಿಸಲು ಹೇಳೋಣ. ಮಗು ನಮ್ಮ ಮಾತಿಗೇ ಪುರಾವೆ ಕೇಳಿದರೆ ಎದುರುತ್ತರ ಕೊಡುತ್ತೀಯಾ ಎಂದು ಗದರದಿರೋಣ. ಶಾಲೆಯ ಪಾಲಕರ ಸಭೆಯಲ್ಲಿ ಸಮವಸ್ತ್ರ, ಶುಲ್ಕಗಳ ಜೊತೆಗೆ, ಈ ತಿಂಗಳು ಮಕ್ಕಳು ಕೈಯಾರೆ ಮಾಡಿದ ಪ್ರಯೋಗ ಎಷ್ಟು ಎಂದು ವಿಚಾರಿಸೋಣ. ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಊಹಿಸಿ, ಒಂದೊಂದೇ ಭಾಗ ಬಿಚ್ಚಿ ಪರೀಕ್ಷಿಸುವ ಫಿಟ್ಟರ್ ಬಂಧುಗಳು ಇಲ್ಲಿದ್ದೀರಿ. ಒಂದು ದಿನ ಶಾಲೆಗೆ ಹೋಗಿ ಅದನ್ನು ಹೇಗೆ ಮಾಡುತ್ತೀರೆಂದು ಮಕ್ಕಳಿಗೆ ತೋರಿಸಿರಿ. ವಿಜ್ಞಾನ ತಮ್ಮ ಮನೆಗೂ ಸೇರಿದ್ದೆಂದು ಅವರಿಗೆ ಆಗ ತಿಳಿಯುತ್ತದೆ.

ಪುಸ್ತಕದಲ್ಲಿದೆ ಎಂಬ ಉತ್ತರಕ್ಕೆ ತೃಪ್ತಿಪಟ್ಟ ಮಗು, ನಾಳೆ ಮೇಲಿನವರು ಹೇಳಿದ್ದಾರೆ ಎಂಬ ಉತ್ತರಕ್ಕೂ ತೃಪ್ತಿಪಡುತ್ತದೆ. ನಿಮ್ಮ ಎದೆಬಿಗಿತಕ್ಕೆ ಬೀಡಿಯೇ ಕಾರಣ ಎಂದು ಅದಕ್ಕೆ ಯಾರಾದರೂ ಹೇಳಿದಾಗ, ಹಾಗಾದರೆ ರಜೆ ಕಳೆದ ಮರುದಿನವೇ ಏಕೆ ಹೆಚ್ಚು ಎಂದು ತಿರುಗಿ ಕೇಳುವ ಶಕ್ತಿ ಅದಕ್ಕೆ ಬರಲಿ. ಅಂಥ ಮಗು ಗಿರಣಿಗೆ ಹೋದರೂ ಅಂಗಡಿಯಲ್ಲಿ ಕುಳಿತರೂ ಕಾಲೇಜಿಗೆ ಹೋದರೂ ಅದನ್ನು ಸುಲಭವಾಗಿ ಮೋಸಗೊಳಿಸಲಾಗದು. ತಾಳ್ಮೆಯಿಂದ ಕೇಳಿದಿರಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿರಿ. ನಮ್ಮ ಮಾತಿಗೂ ಪುರಾವೆ ಕೇಳಲು ಸಂಕೋಚ ಬೇಡ.